ಗೌಂಡಿ ಹುಸೇನಪ್ಪ ಲ್ಯಾಪ್‌ಟಾಪು ಕೊಂಡದ್ದು

ಗೌಂಡಿ ಹುಸೇನಪ್ಪ ಪುಣೆಯಲ್ಲಿ ಎಷ್ಟು ಗೋಡೆ ಎಬ್ಬಿಸಿದ್ದಾನೋ ಅವನಿಗೇ ಲೆಕ್ಕವಿಲ್ಲ. ಮದುವೆಯಾದ ವರ್ಷವೇ ಸುರಪುರದ ಕಡೆಯಿಂದ ಹೆಂಡತಿ ಮಾನಮ್ಮನನ್ನು ಕರೆದುಕೊಂಡು ಈ ಊರಿಗೆ ಬಂದವನು. ಮೊದಲು ಬುನಾದಿ ಅಗೆದ, ಆಮೇಲೆ ಇಟ್ಟಿಗೆ ಹೊತ್ತ, ಕೊನೆಗೆ ಗಾರೆ ಮೆತ್ತುವ ಥಾಪಿ ಹಿಡಿದು ಗೌಂಡಿಯಾದ. ಈಗ ಹಡಪಸರದಾಚೆ, ಸಾಸವಡ ರಸ್ತೆಗೆ ಅಂಟಿಕೊಂಡ, ವಠಾರದಂಥ ಚಾಳಿನಲ್ಲಿ ಒಂದೂವರೆ ಕೋಣೆಯ ಸಂಸಾರ. ಮಾತು ಕಡಿಮೆ, ಹಟ ಜಾಸ್ತಿ. ಮನೆಯೊಳಗೆ ಏನು ಬರಬೇಕು, ಏನು ಬರಬಾರದು ಎಂಬ ತೀರ್ಮಾನವೆಲ್ಲ ಅವನದೇ. ಕೆಟ್ಟವನಲ್ಲ ಪಾಪ, ಎಲ್ಲರ ಒಳ್ಳೆಯದೂ ತನಗೇ ಗೊತ್ತು ಎಂದು ನಂಬಿಕೊಂಡ ಮನುಷ್ಯ, ಅಷ್ಟೇ. ಇಂಥವರಿಂದ ಮನೆಮಂದಿಗೆ ಆಗುವ ತೊಂದರೆ ಒಮ್ಮೊಮ್ಮೆ ಕೆಟ್ಟವರಿಂದಲೂ ಆಗುವುದಿಲ್ಲ.

ಒಬ್ಬಳೇ ಮಗಳು, ಸೋನಾಲಿ. ಹುಟ್ಟಿದ್ದು ಪುಣೆಯಲ್ಲಿ, ಕಲಿತದ್ದು ಮರಾಠಿ ಶಾಲೆಯಲ್ಲಿ, ಹೊಸ್ತಿಲೊಳಗೆ ಬಂದರೆ ಮಾತ್ರ ಅಪ್ಪ ಅಮ್ಮನ ಕನ್ನಡ. ಸಿವಿಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಳೆ. "ನಾ ಕಟ್ಟಾಂವ, ನನ್ನ ಮಗಳು ನಕಾಶಿ ತಗಿಯಾಕಿ" ಎಂದು ಹುಸೇನಪ್ಪ ಚಹಾದ ಅಂಗಡಿಯಲ್ಲಿ ಹೇಳದ ದಿನವಿಲ್ಲ. ಆ ನಕ್ಷೆಗಳನ್ನು ಅವಳು ಬರೆಯುತ್ತಿದ್ದದ್ದು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ. ಮಾನಮ್ಮ ಅಡುಗೆಗೆ ಹೋಗುವ ಮನೆಯ ಯಜಮಾನಿ ತಮಗೆ ಬೇಡವಾದದ್ದನ್ನು ಕೊಟ್ಟಿದ್ದರು.

ಈ ಸಲದ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ಬೆಳಗ್ಗೆ ಹುಸೇನಪ್ಪ ವರ್ಷದ ರೂಢಿಯಂತೆ ಥಾಪಿ, ಸುತ್ತಿಗೆ, ಗೋಡೆಯ ನೇರ ನೋಡುವ ಓಳಂಬದ ಗುಂಡು, ಹೀಗೆ ತನ್ನ ಹತಾರಗಳನ್ನೆಲ್ಲ ತೊಳೆದು ಕಂಬಳಿಯ ಮೇಲೆ ಸಾಲಾಗಿ ಇಟ್ಟ. ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ. ಸೋನಾಲಿ ಕೊಡ ಹಿಡಿದು ಚಾಳಿನ ನಳದ ಮುಂದೆ ಪಾಳಿಗೆ ನಿಂತಿದ್ದಳು. ಆಗ ಅವನ ಕಣ್ಣು ಮೂಲೆಯಲ್ಲಿ ಚಾರ್ಜಿಗೆ ಹಚ್ಚಿದ್ದ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಮಗಳ ಹತಾರವೂ ಹತಾರವೇ ಅಲ್ಲವೇ? ವೈರು ಸಮೇತ ಎಳೆದು ತಂದು ಥಾಪಿಯ ಪಕ್ಕ ಕೂರಿಸಿದ. ಮುಚ್ಚಿದ ಹತಾರಕ್ಕೆ ಪೂಜೆ ಮುಟ್ಟುವುದಿಲ್ಲವೆಂದು ತೆರೆದೂ ಇಟ್ಟ. ಕಾಯಿ ಒಡೆದು ಅದರ ನೀರನ್ನು ಹತಾರಗಳಿಗೆಲ್ಲ ಚಿಮುಕಿಸುವುದು ಅವರ ಮನೆಯ ಪದ್ಧತಿ. ಮಗಳದಕ್ಕೆ ಪ್ರೀತಿಯಿಂದ ಸ್ವಲ್ಪ ಹೆಚ್ಚೇ ಬಿತ್ತು. ಪರದೆ ಒಮ್ಮೆ ಮಿಂಚಿ ಕಪ್ಪಾಯಿತು. "ದೇವಿ ಒಪ್ಕೊಂಡ್ಳು" ಎಂದು ಹುಸೇನಪ್ಪ ಕಣ್ಣು ಮುಚ್ಚಿ ಕೈ ಮುಗಿದ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ.

ರಿಪೇರಿಯವನು ಒಳಗೆ ನೋಡಿ, ಬೋರ್ಡೇ ಸುಟ್ಟಿದೆ, ಇನ್ನು ಇದಕ್ಕೆ ಕಾಸು ಹಾಕಬೇಡಿ ಎಂದುಬಿಟ್ಟ. ಸೋನಾಲಿ ಅಳಲಿಲ್ಲ, ಕೂಗಾಡಲಿಲ್ಲ. "ಇರ್ಲಿ ಬಿಡಪ್ಪ" ಎಂದಳು. ಪೆನ್‌ಡ್ರೈವಿನಲ್ಲಿ ಉಳಿದಿದ್ದ ನಕ್ಷೆಯನ್ನು ಹಿಡಿದು ಕಾಲೇಜಿನ ಲ್ಯಾಬಿಗೆ ಹೋಗತೊಡಗಿದಳು. ಅಲ್ಲಿ ಒಂದು ಕಂಪ್ಯೂಟರಿಗೆ ಮೂವರು. ಸಂಜೆಯಾದರೆ ಬೀಗ. ದೀಪಾವಳಿ ರಜೆ ಮುಗಿದ ಕೂಡಲೇ ಮೂರು ಮಹಡಿಯ ಕಟ್ಟಡದ ಪೂರ್ತಿ ನಕ್ಷೆ ಒಪ್ಪಿಸಬೇಕಿತ್ತು. ಒಪ್ಪಿಸಿದವರನ್ನು ಮಾತ್ರ ಕೆಲಸ ಕೊಡಲು ಬರುವ ಕಂಪನಿಯವರ ಮುಂದೆ ಕೂರಿಸುತ್ತಾರೆ. ರಜೆಯಲ್ಲಿ ಲ್ಯಾಬು ತೆರೆಯುವುದೇ ಇಲ್ಲ. ಇದನ್ನೆಲ್ಲ ಅವಳು ಅಮ್ಮನಿಗೆ ಹೇಳಿದ್ದಳು, ಅಪ್ಪನಿಗಲ್ಲ.

ಹುಸೇನಪ್ಪನಿಗೆ ಆ "ಇರ್ಲಿ ಬಿಡಪ್ಪ" ಗಂಟಲಲ್ಲಿ ಮುಳ್ಳಾಗಿ ಕೂತಿತು. ಬೈದಿದ್ದರೆ ತಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದ. ಈಗ ಮಗಳ ಪುಸ್ತಕ ದಾರಿಯಲ್ಲಿ ಬಿದ್ದಿದ್ದರೂ ಎತ್ತಿಡದೆ ಸುತ್ತು ಹಾಕಿ ನಡೆಯುತ್ತಿದ್ದ. ಅವನ ಪೇಚಾಟ ನೋಡಲಾರದೆ ಮಾನಮ್ಮ ಒಂದು ದಿನ ಚಾಳಿನ ಹೆಂಗಸರು ಸೇರಿ ಹಾಕುವ ಭಿಶಿ ಚೀಟಿಯ ತನ್ನ ಪಾಳಿಯನ್ನು ಮುಂಚೆಯೇ ಎತ್ತಿಕೊಂಡು ಬಂದಳು. ಇಪ್ಪತ್ತೆರಡು ಸಾವಿರ ರೂಪಾಯಿ.

"ಇಷ್ಟರಾಗ ಮುಗಿಸ್ರಿ, ಇದರ ಮ್ಯಾಲ ಒಂದು ರೂಪಾಯಿ ಹುಟ್ಟಂಗಿಲ್ಲ" ಎಂದು ಮಗಳ ಕೈಗೇ ಕೊಟ್ಟಳು. ಗಂಡನ ಕಡೆ ತಿರುಗಿ, "ನೀ ಸುಮ್ಮ ಸಂಗಾಟ ಹೋಗು. ಬಾಯಿ ಹಾಕಬ್ಯಾಡ" ಎಂದಳು.

ಬಾಯಿ ಹಾಕಬೇಡ ಎಂದರೆ ಕೇಳುವ ಗಂಡಸು ಆ ಚಾಳಿನಲ್ಲಿ ಯಾರಿದ್ದಾರೆ? ಹುಸೇನಪ್ಪ ಆಗಲೇ ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿ ಮುಗಿಸಿದ್ದ. ಅವನ ಸಂಸಾರಕ್ಕೆ ಬಂದದ್ದೆಲ್ಲ ಇನ್ನೊಬ್ಬರು ಬಳಸಿ ಬಿಟ್ಟದ್ದೇ. ಮೊದಲ ಮಂಚ ಇಂಜಿನಿಯರ ಮನೆಯದು, ಸೋನಾಲಿಯ ಶಾಲೆಯ ಅಂಗಿ ಬಿಲ್ಡರನ ಮಗಳದು, ಸುಟ್ಟುಹೋದ ಲ್ಯಾಪ್‌ಟಾಪಂತೂ ಸರಿಯೇ ಸರಿ. ಈ ಸಲ ಡಬ್ಬಿ ಒಡೆಯದ ಹೊಸದೇ ಬರಬೇಕು.

ದೀಪಾವಳಿಗೆ ಮುಂಚಿನ ರವಿವಾರ ಅಪ್ಪ ಮಗಳು ಪೇಟೆಯಿರುವ ಕ್ಯಾಂಪಿಗೆ ಹೋದರು. ಹಬ್ಬದ ಜನ ಬೀದಿ ತುಂಬಿತ್ತು. ಸೋನಾಲಿ ಗೆಳತಿಯರನ್ನು ವಿಚಾರಿಸಿ ಗೊತ್ತುಮಾಡಿಕೊಂಡಿದ್ದ ಅಂಗಡಿ ಒಂದು ಗಲ್ಲಿಯೊಳಗೆ, ಮೆಟ್ಟಿಲು ಹತ್ತಿ ಹೋಗಬೇಕು. ಹೊಸದೂ ಸಿಗುತ್ತದೆ, ದೊಡ್ಡ ಕಂಪನಿಗಳು ಬಳಸಿ ಮಾರಿದ್ದನ್ನು ತಂದು ದುರಸ್ತಿ ಮಾಡಿ ಇಟ್ಟದ್ದೂ ಸಿಗುತ್ತದೆ. ಅಂಗಡಿಯಾಕೆ ಮಾಯಾ, ಅಕ್ಕಲಕೋಟದ ಕಡೆಯವಳು. ಇವರಿಬ್ಬರ ಮಾತು ಕಿವಿಗೆ ಬಿದ್ದದ್ದೇ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿದಳು.

"ಬರ್ರಿ ಕಾಕಾ, ಕೂಡ್ರಿ. ಏನು ಕಲೀತಾಳ್ರಿ ಮಗಳು?"

"ಸಿವಿಲ್ ರೀ. ಛಲೋ ಹೊಸಾದು ತೋರಸ್ರಿ" ಎಂದ ಹುಸೇನಪ್ಪ, ಮಗಳು ಬಾಯಿ ತೆರೆಯುವ ಮೊದಲೇ.

ಮಾಯಾ ಬಜೆಟ್ಟು ಕೇಳಿ ಒಂದನ್ನು ತೆಗೆದಿಟ್ಟಳು. ಕೆಂಪು ಬಣ್ಣ, ತೆಳ್ಳಗೆ, ಅಂಗೈ ಮೇಲಿಟ್ಟರೆ ಭಾರವೇ ಇಲ್ಲ. ಮುಚ್ಚಳದಲ್ಲಿ ಹುಸೇನಪ್ಪನಿಗೆ ಅವನ ಮೀಸೆ ಕಾಣಿಸಿತು. ಅವನ ಮುಖ ಅರಳಿತು. "ಇದ ಆತು. ಕಟ್ರಿ" ಎಂದ.

ಸೋನಾಲಿ ಅಷ್ಟರಲ್ಲಿ ಪಕ್ಕದ ಮೇಜಿಗೆ ಹೋಗಿದ್ದಳು. ಅಲ್ಲಿದ್ದದ್ದು ಕಪ್ಪಗಿನ, ದಪ್ಪನೆಯ ಹಳೆಯ ಲ್ಯಾಪ್‌ಟಾಪು. ಮುಚ್ಚಳದ ಮೇಲೆ ಯಾವುದೋ ಕಂಪನಿಯ ಚೀಟಿ ಕಿತ್ತ ಗುರುತು, ಎರಡು ಕೀಲಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು.

"ಅಪ್ಪ, ನನಗ ಇದು ಬೇಕು."

"ಅದಾ? ಯಾರೋ ಉಜ್ಜಿ ಬಿಟ್ಟಿದ್ದು?"

"ಅದಕ್ಕಿಂತ ಇದು ಛಲೋ ಅದ. ರೊಕ್ಕಾನೂ ಉಳೀತಾವ."

ಆ ಕೊನೆಯ ಮಾತು ಆಡಬಾರದಿತ್ತು. ಹುಸೇನಪ್ಪನ ಮುಖ ಕಪ್ಪಿಟ್ಟಿತು. ಮಗಳು ತನ್ನನ್ನು ನೋಡಿ ಮರುಗುತ್ತಿದ್ದಾಳೆ, ಅಪ್ಪನ ತಪ್ಪಿಗೆ ತಾನು ಹಳೆಯದನ್ನು ಹೊತ್ತುಕೊಳ್ಳಲು ಹೊರಟಿದ್ದಾಳೆ ಎಂದು ಅವನಿಗೆ ಅನಿಸಿತು. ಸಿಟ್ಟು ಬಂದದ್ದು ತನ್ನ ಮೇಲೆಯೇ. ಹರಿದದ್ದು ಅವಳ ಮೇಲೆ.

"ನನಗ ಕನಿಕರ ಮಾಡಾಕ ಬಂದೀಯೇನು? ಕೆಡಿಸಿದಾಂವ ನಾನು, ತಂದು ಕೊಡಾಂವನೂ ನಾನ. ನಿನಗೇನು ತಿಳೀತದ, ಸುಮ್ಮ ನಿಂದ್ರು. ರೀ, ಆ ಕೆಂಪಂದು ಕಟ್ರಿ!"

ಸೋನಾಲಿ ಸುಮ್ಮನೆ ನಿಲ್ಲಲಿಲ್ಲ. ಖಂಡೇ ಪೂಜೆಯಿಂದ ಹಲ್ಲು ಕಚ್ಚಿ ಹಿಡಿದಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

"ನನ್ನ ಕೇಳಿದ್ಯೇನಪ್ಪ ನೀ? ಅವತ್ತು ಪೂಜಾಕ ಇಡೋ ಮೊದ್ಲ ಒಂದು ಮಾತು ಕೇಳಿದ್ಯೇನು? ನಳದ ಹತ್ರ ಇದ್ನಿ, ಒಂದು ಕೂಗು ಹಾಕಿದ್ರ ಬರ್ತಿದ್ನಿ. ಅವತ್ತೂ ಕೇಳಲಿಲ್ಲ, ಇವತ್ತೂ ಕೇಳವಲ್ಲಿ. ನನ್ನ ಸಲುವಾಗಿ ಅಂತೀ, ನನ್ನ ಮಾತ್ ಒಂದ್ ಬಿಟ್ಟು ಎಲ್ಲಾ ಕೇಳ್ತೀ!"

ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಕಾಯಿ ನೀರು ಬಿದ್ದದ್ದು ತಪ್ಪು ಎಂದು ಹುಸೇನಪ್ಪನಿಗೆ ಗೊತ್ತಿತ್ತು; ತಪ್ಪು ಅದಕ್ಕೂ ಮುಂಚೆಯೇ ಆಗಿತ್ತು ಎಂಬುದು ಈಗಲೇ ತಿಳಿದದ್ದು. ನಾಚಿಕೆಯಾಯಿತು. ಅದರ ಬೆನ್ನಿಗೇ, ಹೇಳಿದರೆ ನಗುತ್ತೀರಿ, ಸಮಾಧಾನವೂ ಆಯಿತು. ಮಗಳು ಕೊನೆಗೂ ಬೈದಿದ್ದಳು.

ಅವನು ಸ್ಟೂಲಿನ ಮೇಲೆ ಕೂತ. "ಆತು. ಹೇಳವಾ, ಈಗ ಕೇಳ್ತೀನಿ" ಎಂದ.

ಸೋನಾಲಿ ಕಣ್ಣು ಒರೆಸಿಕೊಂಡು ಪೆನ್‌ಡ್ರೈವು ತೆಗೆದಳು. ಸಿವಿಲ್ ಹುಡುಗರು ಕೇಳುತ್ತಾರೆಂದು ಮಾಯಾ ಎರಡರಲ್ಲೂ ನಕ್ಷೆಯ ಸಾಫ್ಟ್‌ವೇರು ಹಾಕಿಟ್ಟಿದ್ದಳು. ಮೊದಲು ಕೆಂಪಿನದರಲ್ಲಿ ಮೂರು ಮಹಡಿಯ ಕಟ್ಟಡವನ್ನು ತೆರೆದರು. ಪರದೆಯ ನಡುವೆ ಒಂದು ಬಳೆ ಸುತ್ತತೊಡಗಿತು. ಸುತ್ತಿತು, ಸುತ್ತುತ್ತಲೇ ಇತ್ತು. ಕಟ್ಟಡ ಅರ್ಧ ಕಾಣಿಸಿಕೊಂಡು ಅಲ್ಲೇ ನಿಂತುಬಿಟ್ಟಿತು. ಆಮೇಲೆ ಕಪ್ಪಿನದರಲ್ಲಿ ತೆರೆದರು. ಇಡೀ ಕಟ್ಟಡ ಎದ್ದು ನಿಂತಿತು; ಸೋನಾಲಿ ಬೆರಳಾಡಿಸಿದಂತೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಮೆಟ್ಟಿಲೂ ಕಿಟಕಿಯೂ ಕಂಡವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

"ಹೊಸಾದು ಹಿಂಗ್ಯಾಕ ಮಾಡ್ತದ?" ಎಂದು ಹುಸೇನಪ್ಪ ಕೇಳಿದ. ಮಗಳನ್ನು ಅವನು ಒಂದು ವಿಷಯ ತಿಳಿಯಲೆಂದು ಕೇಳಿದ್ದು ಬಹುಶಃ ಅದೇ ಮೊದಲು.

"ಅದು ಹಾಡು, ಸಿನಿಮಾ ನೋಡಾಕ ಛಲೋ ಅಪ್ಪ. ನೀ ಗೋಡಿ ಕಟ್ಟುವಾಗ ಮಾಲು ತಂದುಕೊಡಾಕ ಒಬ್ಬಾಕೀನ ಇದ್ರ ಹೆಂಗ ಆಕ್ಕದ? ನಾಕು ಮಂದಿ ಇದ್ರ ಹೆಂಗ ಆಕ್ಕದ? ಆ ಕೆಂಪಂದ್ರಾಗ ಒಬ್ಬಾಕಿ ಅದಾಳ. ಇದ್ರಾಗ ನಾಕು ಮಂದಿ ಅದಾರ."

"ಒಬ್ಬಾಕಿ ಇದ್ರ ಗೌಂಡಿ ಬೀಡಿ ಸೇದ್ಕೋತ ಕೂಡ್ತಾನ" ಎಂದ ಹುಸೇನಪ್ಪ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ ಕೆಂಪಗೆ ಹೊಳೆದದ್ದಕ್ಕೆ ಮರುಳಾಗಿದ್ದ, ಪಾಪ.

ಮುಂದೆ ಅವನು ಕೂತು ನೋಡಿದ, ಅಷ್ಟೇ. ಸೋನಾಲಿ ಒಂದೊಂದು ಕೀಲಿಯನ್ನೂ ಒತ್ತಿ ಪರೀಕ್ಷಿಸಿದಳು. ಮುಚ್ಚಳವನ್ನು ತೆರೆದು ಮುಚ್ಚಿ ಕೀಲು ಸಡಿಲವಾಗಿದೆಯೇ ಎಂದು ನೋಡಿದಳು. ವೈರು ಕಿತ್ತು, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕಾದಳು. ಬೇಗ ಇಳಿಯುತ್ತಿದೆ, ಹೊಸ ಬ್ಯಾಟರಿ ಹಾಕಿಕೊಡಿ ಎಂದಳು. ಮಾಯಾ ಆಗುವುದಿಲ್ಲ ಎಂದಳು. ಹಾಗಾದರೆ ಬೇಡ ಎಂದು ಸೋನಾಲಿ ಪೆನ್‌ಡ್ರೈವು ಕಿತ್ತುಕೊಂಡಳು. ಮಾಯಾ ನಕ್ಕು ಬ್ಯಾಟರಿ ತರಿಸಿದಳು. ಕೆಟ್ಟರೆ ಆರು ತಿಂಗಳವರೆಗೆ ತಾನೇ ನೋಡಿಕೊಡುತ್ತೇನೆಂದು ಬಿಲ್ಲಿನ ಮೇಲೆ ಬರೆದೂ ಕೊಟ್ಟಳು.

"ಕಾಕಾ, ನಿಮ್ಮ ಮಗಳು ಭಾಳ ಗಟ್ಟಿ ಅದಾಳ್ರಿ."

"ಹೌದ್ರಿ" ಎಂದ ಹುಸೇನಪ್ಪ. ಆಮೇಲೆ ತಗ್ಗಿದ ದನಿಯಲ್ಲಿ ವಿಚಾರಿಸಿದ: "ಅಲ್ರೀ, ಇದರ ಮ್ಯಾಲ ನೀರು ಬಿದ್ರ?"

"ಅದಕ್ಕ ಗ್ಯಾರಂಟಿ ಇಲ್ರಿ ಕಾಕಾ!"

ಸೋನಾಲಿ ಕಿಸಕ್ಕೆಂದು ನಕ್ಕಳು. ಆ ನಗು ಕೇಳಿ ಹುಸೇನಪ್ಪನ ಎದೆಯ ಮೇಲಿನ ಕಲ್ಲು ಇಳಿಯಿತು. ಹಬ್ಬಕ್ಕೆ ಎಣ್ಣೆ, ಬೆಲ್ಲ, ಅಮ್ಮನಿಗೊಂದು ಸೀರೆ ತರುವಷ್ಟು ದುಡ್ಡು ಮಿಕ್ಕಿತ್ತು. ರಜೆ ಪೂರ್ತಿ ಕೂತರೆ ನಕ್ಷೆ ಮುಗಿಯುತ್ತದೆ ಎಂದು ಸೋನಾಲಿ ಮೆಟ್ಟಿಲಿಳಿಯುತ್ತಾ ಅಪ್ಪನಿಗೇ ಹೇಳಿದಳು.

ಪೂಲ್‌ಗೇಟಿನಲ್ಲಿ ಬಸ್ಸು ಸಿಕ್ಕಿತು. ಹಬ್ಬದ ನೂಕುನುಗ್ಗಲು. ಯಾರೋ ಎದ್ದು ಹುಸೇನಪ್ಪನಿಗೆ ಜಾಗ ಕೊಟ್ಟರು, ಸೋನಾಲಿ ಕಂಬಿ ಹಿಡಿದು ಪಕ್ಕದಲ್ಲಿ ನಿಂತಳು. ಬಸ್ಸು ಹೊರಳಿದಾಗಲೆಲ್ಲ ಜನ ಅವಳ ಹೆಗಲಿನ ಲ್ಯಾಪ್‌ಟಾಪಿನ ಬ್ಯಾಗಿನ ಮೇಲೆ ಒರಗುತ್ತಿದ್ದರು. ಅವಳು ಅದನ್ನು ಹೆಗಲಿನಿಂದ ಇಳಿಸಿ ಅಪ್ಪನ ಮುಂದೆ ಹಿಡಿದಳು.

ಹುಸೇನಪ್ಪ ಕೈ ಮುಂದೆ ಚಾಚಲಿಲ್ಲ. "ನಾ ಹಿಡ್ಕೊಳ್ಳೇನವಾ?" ಎಂದು ಕೇಳಿದ.

"ಹಿಡ್ಕೋ ಅಪ್ಪ. ಮತ್ಯಾರ ಕೈಯಾಗ ಕೊಡ್ಲಿ?"

ಅವನು ಅದನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಎರಡೂ ಕೈಯಿಂದ ಬಳಸಿ ಹಿಡಿದ. ಕಂಡಕ್ಟರು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಎಲ್ಲಿಗೆ ಎಂದು ಮರಾಠಿಯಲ್ಲಿ ಕೇಳಿದ. ಟಿಕೀಟಿನ ದುಡ್ಡು ಹುಸೇನಪ್ಪನ ಅಂಗಿಯ ಕಿಸೆಯಲ್ಲೇ ಇತ್ತು. ತೆಗೆಯಬೇಕೆಂದರೆ ಒಂದು ಕೈ ಬಿಡಬೇಕು. ಅವನು ಬಿಡಲಿಲ್ಲ.

"ಮುಲೀಲಾ ವಿಚಾರಾ" ಎಂದ. ಅಂದರೆ, ಮಗಳನ್ನು ಕೇಳಿ.