ಫ್ರಿಜ್ಜಿನಲ್ಲಿಟ್ಟ ಮಣ್ಣು

ತುರ್ವಿಹಾಳದಲ್ಲಿ ಗೆಳೆಯನ ಮನೆಯಲ್ಲಿ ಉಳಿದಿದ್ದೆ. ನನ್ನ ಸಂಶೋಧನೆಗೆಂದು ಅವರ ಹೊಲದ ಮಣ್ಣನ್ನು ಚೀಲಗಳಿಗೆ ತುಂಬಿ, ಬಾಯಿ ಬಿಗಿದು, ಅವರದೇ ಫ್ರಿಜ್ಜಿನಲ್ಲಿ ಇಟ್ಟಿದ್ದೆ.

"ಏನೈತಪಾ ಇದರಾಗ?" ಅಂತ ಗೆಳೆಯನ ತಾಯಿ ಶರಣಮ್ಮ ಕೇಳಿದ್ದರು.

"ಕಣ್ಣಿಗೆ ಕಾಣದ ಜೀವಿಗಳಮ್ಮ. ತಿನ್ನೋಕೆ ಏನೂ ಸಿಗದಿದ್ರೆ ಗಾಳಿಯಲ್ಲಿರೋ ಹೈಡ್ರೋಜನ್ ತಿಂದು ಬದುಕ್ತವೆ. ಅದಕ್ಕೆ ಬೇಕಾದ ಕಿಣ್ವ ಮಾಡೋ ಜೀನ್ ಹಸಿದಾಗಲೇ ಎಚ್ಚರ ಆಗೋದು. ಅದನ್ನೇ ಹುಡುಕ್ತಿದೀನಿ."

"ಅಯ್ಯ ಪಾಪ," ಅಂದಿದ್ದರು.

ಮರುದಿನ ಚೀಲಗಳನ್ನು ತಣ್ಣಗೇ ಲ್ಯಾಬಿಗೆ ಒಯ್ಯಲೆಂದು ಸಿಂಧನೂರಿನಿಂದ ಐಸ್ ತಂದು ಫ್ರಿಜ್ ತೆಗೆದರೆ ಚೀಲಗಳೇ ಇಲ್ಲ! ಮನೆಯೆಲ್ಲ ಹುಡುಕಿದೆ. ಆಮೇಲೆ ಕಂಡಿತು: ನನ್ನ ಮಣ್ಣು ದೇವರ ಜಗಲಿಯ ಮೇಲೆ ಜೋಡೆತ್ತಾಗಿ ನಿಂತಿತ್ತು. ಕೊಂಬಿಗೆ ಅರಿಶಿನ, ಕೊರಳಿಗೆ ಹೂವು.

"ಇವತ್ತ ಮಣ್ಣೆತ್ತಿನ ಅಮಾಸಿ ಅಲ್ಲೇನಪಾ? ನಮ್ಮ ಹೊಲದ ಮಣ್ಣು ಬೇಕಾಗಿತ್ತು. ನೀ ಚೊಲೋ ಮಡೀಲೆ ಇಟ್ಟಿದ್ದಿ, ಯಾರೂ ಮುಟ್ಟಿದ್ದಿಲ್ಲ," ಅಂದರು ಶರಣಮ್ಮ.

ಒಂದು ಎತ್ತನ್ನಾದರೂ ಒಯ್ಯಲೇ ಎಂದು ಕೇಳಿದೆ. ಅರಿಶಿನ ತಾಗದ ಒಳಗಿನ ಮಣ್ಣಾದರೂ ಕೆಲಸಕ್ಕೆ ಬಂದೀತು ಎಂಬ ಆಸೆ.

"ಒಯ್ಯಪಾ, ಪೂಜಿ ಆಗೇತಿ. ಆ ಜೀವದ ಚಿಂತಿ ಮಾತ್ರ ಮಾಡಬ್ಯಾಡ. ಬರೇ ಗಾಳಿ ತಿಂದು ಎಷ್ಟಂತ ಇರಬೇಕು ಪಾಪ? ಬೆಲ್ಲದ ನೀರಾಗ ಕಲಸೀನಿ."

ಹಸಿದಾಗಲೇ ಏಳುವ ಜೀನನ್ನು ಹುಡುಕಲು ನಾನು ಆ ಮನೆಯಲ್ಲಿ ಇಳಿಯಲೇಬಾರದಿತ್ತು. ಬಂದಾಗಿನಿಂದ ನನಗೇ ಅಲ್ಲಿ ಒಮ್ಮೆಯೂ ಹಸಿವಾಗಿರಲಿಲ್ಲ.