ಅಳಿಸುವ ಮುಂಚೆ ಒಂದು ನಕಲು

ಗದಿಗೆಪ್ಪಣ್ಣನ ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳೊಂದೇ. ಕಂಪ್ಯೂಟರ್ ಮುಂದೆ ಕೂತರೆ ಅಕ್ಷರಗಳನ್ನೆಲ್ಲ ಎಡಗೈ ಹೊಡೆಯುತ್ತದೆ, ಪದಗಳ ನಡುವೆ ಜಾಗ ಬಿಡುವ ಉದ್ದನೆಯ ಕೀಲಿಯನ್ನು ಮಾತ್ರ ಆ ಹೆಬ್ಬೆರಳು ಒತ್ತುತ್ತದೆ. ಹಾಗೆ ಹೊಡೆದುಕೊಂಡೇ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಎಸ್‌ಕ್ಯೂಎಲ್ ಕಲಿಸಿದ್ದಾನೆ. ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಕೂಡಿಟ್ಟ ಮಾಹಿತಿಯನ್ನು ಹುಡುಕುವ, ಸೇರಿಸುವ, ಅಳಿಸುವ ಭಾಷೆ ಅದು. ಅವನಿಂದ ಕಲಿತವರಲ್ಲಿ ನಾನೂ ಒಬ್ಬಳು. ಕಲಿತದ್ದನ್ನು ಹಿಡಿದು ಒಂದು ಹೊಲಸು ಕೆಲಸ ಮಾಡಿದವಳೂ ನಾನೇ. ಅದನ್ನು ಮುಚ್ಚಿಟ್ಟು ಅವನ ಕತೆ ಹೇಳುವ ಯೋಗ್ಯತೆ ನನಗಿಲ್ಲ.

ಅವನು ಶಹಾಪುರದ ಕಡೆಯವನು. ಪಿಯುಸಿ ಮುಗಿಸಿ ಪೀಣ್ಯಕ್ಕೆ ಬಂದು, ತಗಡು ಒತ್ತಿ ಚಿಲಕ, ಬ್ರಾಕೆಟ್ಟು ಮಾಡುವ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ಆ ಪ್ರೆಸ್ಸಿಗೆ ಎರಡು ಗುಂಡಿ. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಕಬ್ಬಿಣ ಇಳಿಯಬೇಕು, ಯಾಕೆಂದರೆ ಎರಡೂ ಕೈ ಗುಂಡಿಯ ಮೇಲಿದ್ದಾಗ ಯಾವ ಕೈಯೂ ಅಚ್ಚಿನೊಳಗೆ ಇರಲಾರದು. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೇ ಸೈಕಲ್ ಟ್ಯೂಬ್ ಸೀಳಿ ಒಂದು ಗುಂಡಿಯನ್ನು ಒತ್ತಿದಂತೆಯೇ ಬಿಗಿದು ಕಟ್ಟಿಬಿಡುತ್ತಿದ್ದರು. ಒಂದು ಕೈ ಗುಂಡಿ ಒತ್ತುತ್ತಿತ್ತು, ಇನ್ನೊಂದು ಒಳಗೆ ತಗಡು ಇಡುತ್ತಿತ್ತು. ಕಟ್ಟಿಕೊಳ್ಳುತ್ತಿದ್ದವರು ಕೆಲಸಗಾರರೇ. ಕಟ್ಟದವನನ್ನು ಸೋಮಾರಿ ಎಂದು ಬೈಯುತ್ತಿದ್ದವನು ಫೋರ್‌ಮನ್.

ಒಂದು ಬೆಳಿಗ್ಗೆ ಗದಿಗೆಪ್ಪಣ್ಣನ ನಾಲ್ಕು ಬೆರಳು ತಗಡಿನ ಜೊತೆಗೇ ಚಪ್ಪಟೆಯಾದವು. ಆಗಿನ ನೋವು ಅವನಿಗೆ ಅಷ್ಟು ನೆನಪಿಲ್ಲ. ನೆನಪಿರುವುದು ಇಷ್ಟು: ಫೋರ್‌ಮನ್ ಓಡಿಬಂದ, ಮೊದಲು ಗುಂಡಿಗೆ ಕಟ್ಟಿದ್ದ ಟ್ಯೂಬ್ ಬಿಚ್ಚಿ ಜೇಬಿಗೆ ಹಾಕಿಕೊಂಡ, ಆಮೇಲೆ ಇವನ ಕಡೆ ತಿರುಗಿದ. ಆಸ್ಪತ್ರೆಯಲ್ಲಿ ಬಲಗೈ ಬಟ್ಟೆಯ ಉಂಡೆಯಾಗಿದ್ದಾಗ ಒಂದು ಕಾಗದ ತಂದು, ಸಹಿ ಹಾಕಲು ಬರುತ್ತಿದ್ದವನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಏನು ಬರೆದಿದೆ ಎಂದು ಕೇಳಿದ್ದಕ್ಕೆ "ಆಸ್ಪತ್ರೇದು" ಎಂದರು. ಕೆಲಸಗಾರನ ನಿರ್ಲಕ್ಷ್ಯದಿಂದಲೇ ಅಪಘಾತವಾಯಿತು ಎಂದು ಅದರಲ್ಲಿ ಬರೆದಿದ್ದದ್ದು ಅವನಿಗೆ ತಿಳಿದದ್ದು ಆರು ತಿಂಗಳ ಮೇಲೆ.

ಆಮೇಲೆ ಪೀಣ್ಯದಲ್ಲೇ ಒಂದು ಗೋದಾಮಿನ ಗೇಟ್ ಕಾದ. ಗೋದಾಮಿನ ಹಳೇ ಕಂಪ್ಯೂಟರಿನಲ್ಲಿ ತಾನಾಗಿಯೇ ಎಸ್‌ಕ್ಯೂಎಲ್ ಕಲಿಯಲು ಹೊರಟ. ಇಂಟರ್ನೆಟ್ಟಿನ ಒಂದು ದೊಡ್ಡ ಇಂಗ್ಲಿಷ್ ಗುಂಪಿನಲ್ಲಿ ಹರಕುಮುರುಕು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ. ನಾಲ್ಕು ಜನ ಅವನ ಇಂಗ್ಲಿಷನ್ನೂ ಬುದ್ಧಿಯನ್ನೂ ಸೇರಿಸಿ ಉಗಿದರು, ಐದನೆಯವನು ಪ್ರಶ್ನೆಯನ್ನೇ ಮುಚ್ಚಿದ. ಗದಿಗೆಪ್ಪಣ್ಣ ಎದ್ದುಹೋಗಿ ಆ ಮೊಂಡು ಕೈಯನ್ನು ಗೋಡೆಗೆ ಗುದ್ದಿದ. ಹೊಲಿಗೆ ಹಾಕಿದ್ದ ಚರ್ಮ ಒಡೆದು ಗೋಡೆಯಿಂದ ರಕ್ತ ಇಳಿಯುವ ತನಕ ಗುದ್ದಿದ. ಇಂಥ ಅವಮಾನ ಇನ್ನೊಬ್ಬರಿಗೆ ಆಗಬಾರದೆಂದು ಮುಂದೆ ಅವನೇ ಫೋನಿನಲ್ಲಿ ಒಂದು ಕನ್ನಡ ಗುಂಪು ಶುರುಮಾಡಿದ. ಹೆಸರು ‘ಮೊದಲ ಸಾಲು’. ನಿಯಮ ಒಂದೇ, ಹೊಸಬರನ್ನು ನೋಡಿ ಯಾರೂ ನಗಕೂಡದು.

ನಕ್ಕವರಿಗೆ ಏನಾಗುತ್ತಿತ್ತು ಎಂದು ನಾನೇ ನೋಡಿದ್ದೇನೆ. ರುಕ್ಮವ್ವ ಎಂಬ ಗಾರ್ಮೆಂಟ್ಸ್ ಹೆಂಗಸು, ನಲವತ್ತು ದಾಟಿದವಳು, ಏನೋ ಸಣ್ಣದು ಕೇಳಿದಳು. ವೈಟ್‌ಫೀಲ್ಡಿನ ಇಂಜಿನಿಯರ್ ಒಬ್ಬ "ಇಷ್ಟೂ ಗೊತ್ತಿಲ್ವಾ ಆಂಟಿ, ಹೊಲಿಗೆ ಹಾಕ್ಕೊಂಡಿರಿ" ಎಂದು ಬರೆದ. ಗದಿಗೆಪ್ಪಣ್ಣನ ದನಿ ಎಲ್ಲರ ಫೋನಿನಲ್ಲೂ ಗುಡುಗಿತು: "ನೀ ಹುಟ್ಟತಲೇ ನಡದಾಡಿದ್ಯೇನಲೇ? ಬಿದ್ದಾಗ ನಿಮ್ಮವ್ವ ನಕ್ಕಿದ್ರ ನೀ ಇನ್ನಾ ತೆವಳಕೋತ ಇರ್ತಿದ್ದಿ. ನಡಿ ಹೊರಗ!" ಅವನನ್ನು ಕಿತ್ತುಹಾಕಿ, ಮರುಕ್ಷಣವೇ ಮೆತ್ತಗೆ, "ರುಕ್ಮವ್ವ, ಕೇಳವ್ವ ನೀನು" ಎಂದ.

ನಾನು ಶಾಂತಿ, ಮಾಕಳಿಯವಳು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದ ಎದುರಿಗಿರುವ ಪ್ರೆಸ್ ಕಾರ್ಖಾನೆಯಲ್ಲೇ ಆಫೀಸ್ ಕೆಲಸಕ್ಕಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಕಲಿಯುವ ತಾಳ್ಮೆ ಕಮ್ಮಿ. ಸಾಲಿನ ಕೊನೆಗೆ ಹಾಕುವ ಒಂದು ಅರ್ಧವಿರಾಮ ಚಿಹ್ನೆ ಮರೆತು ಎರಡು ಗಂಟೆ ಒದ್ದಾಡಿ, ಇನ್ನು ಇದನ್ನು ಕಲಿಯುವುದಿಲ್ಲ ಎಂದು ಗುಂಪಿನಲ್ಲಿ ಬರೆದಿದ್ದೆ. "ಎರಡು ತಾಸಿಗೇ ಗೊತ್ತಾತಾ? ನಂಗ ಮೂರು ದಿನ ಹಿಡದಿತ್ತು. ನೀ ಶಾಣ್ಯಾಕಿ ಬಿಡು" ಎಂದಿದ್ದ. "ಥ್ಯಾಂಕ್ಸ್ ಅಣ್ಣ, ನೀವು..." ಎಂದು ನಾನು ಶುರುಮಾಡಿದರೆ, "ಅಣ್ಣ ಅಂದ ಮ್ಯಾಲ ನೀವು ಯಾಕಬೇ" ಎಂದ. ನಾಲ್ಕು ತಿಂಗಳು ಹಾಗೆ ಕಲಿತೆ. ಮುಖ ನೋಡಿರಲಿಲ್ಲ.

ಅವನು ಪದೇಪದೇ ಹೇಳುತ್ತಿದ್ದ ಪಾಠ ಒಂದಿತ್ತು. "ಅಳಸೂಕ್ಕಿಂತ ಮದ್ಲ ನೋಡು. ನೋಡಿದ್ದರ ನಕಲು ತಗದಿಡು. ಆ ನಕಲಿಗೆ ನಿನ್ನ ಹೆಸರಿಡು, ಹೆಸರಿಟ್ಟಿದ್ದನ್ನ ಯಾರೂ ಸುಮ್ಮ ಬಿಸಾಕಂಗಿಲ್ಲ. ಆಮ್ಯಾಗ ಅಳಸು. ಅಚ್ಚಿನ್ಯಾಗ ಕೈ ಐತೇನಂತ ನೋಡಲಾರದ ಗುಂಡಿ ಒತ್ತಬ್ಯಾಡ."

ಕಳೆದ ವರ್ಷ ಒಂದು ಬುಧವಾರ, ಬೆಳಿಗ್ಗೆ ಹತ್ತಕ್ಕೆ, ನಮ್ಮ ಕಾರ್ಖಾನೆಯ ಏಳನೇ ಪ್ರೆಸ್ಸು ಬಸಲಿಂಗನ ಬಲಗೈಯನ್ನು ಮಣಿಕಟ್ಟಿನಲ್ಲಿ ಕತ್ತರಿಸಿತು. ಅವನು ಕೊಪ್ಪಳದ ಕಡೆಯವನು, ಹೆಂಡತಿ ಮರೆವ್ವನ ಜೊತೆ ಮಾಕಳಿಯಲ್ಲೇ ಬಾಡಿಗೆ ರೂಮಿನಲ್ಲಿದ್ದ. ಆಫೀಸಿನ ಗಾಜಿನಾಚೆಯಿಂದ ಕಿರುಚಾಟ ಕೇಳಿ ನಾನು ಓಡಿದೆ. ರಕ್ತ ತಗಡಿನ ರಾಶಿಯ ಮೇಲೆ ಚಿಮ್ಮಿತ್ತು, ಗೋಡೆಯ ಮೇಲಿನ ಸುರಕ್ಷತೆಯ ಬೋರ್ಡಿಗೂ ಹಾರಿತ್ತು. ಯಾರೋ ಆ ಕೈಯನ್ನು ಊಟದ ಡಬ್ಬಿಗೆ ಹಾಕಿ ಐಸ್ ತುಂಬಿದರು. ಬೆರಳುಗಳು ಡಬ್ಬಿಯಿಂದ ಹೊರಗೆ ಕಾಣುತ್ತಿದ್ದವು. ಮುಚ್ಚಳ ಹಿಡಿಯಲಿಲ್ಲ.

ಏಳನೇ ಪ್ರೆಸ್ಸಿಗೆ ಗುಂಡಿಗಳ ಜೊತೆಗೆ ಒಂದು ಬೆಳಕಿನ ಪರದೆಯೂ ಇತ್ತು. ಕೈ ಅಡ್ಡ ಬಂದರೆ ಪ್ರೆಸ್ಸನ್ನು ನಿಲ್ಲಿಸುವ ಸೆನ್ಸರ್ ಅದು. ಪ್ರೆಸ್ಸು ಒಮ್ಮೆ ಇಳಿದು ಏರಿದರೆ ಕಂಪ್ಯೂಟರಿನಲ್ಲಿ ಒಂದು ಸಾಲು ಬೀಳುತ್ತಿತ್ತು: ಕ್ರಮಸಂಖ್ಯೆ, ಸಮಯ, ಸೆನ್ಸರ್ ಚಾಲೂ ಇದೆಯೋ ಇಲ್ಲವೋ, ಇಲ್ಲದಿದ್ದರೆ ಯಾರ ಪಾಸ್‌ವರ್ಡಿನಿಂದ ಆರಿಸಿದ್ದು. ಸೋಮವಾರ ಬೆಳಿಗ್ಗೆ ಅದನ್ನು ಆರಿಸಿದವನು ನಮ್ಮ ಮ್ಯಾನೇಜರ್ ಅಮರೇಶ್. ಸೆನ್ಸರ್ ಪದೇಪದೇ ಪ್ರೆಸ್ಸು ನಿಲ್ಲಿಸುತ್ತಿದೆ, ಮಾಲು ತಡವಾಗುತ್ತಿದೆ ಎಂಬುದು ಅವನ ತಕರಾರು. ಸೈಕಲ್ ಟ್ಯೂಬಿನ ಕೆಲಸವನ್ನು ಈಗ ಪಾಸ್‌ವರ್ಡ್ ಮಾಡುತ್ತದೆ.

ಮಧ್ಯಾಹ್ನ ಅಮರೇಶ್ ನನ್ನ ಮೇಜಿನ ಹತ್ತಿರ ಬಂದ. "ಏನೋ ಕಲೀತಿದ್ದೀಯಂತಲ್ಲ. ಏಳನೇ ಮಷಿನ್ನಿಂದು ಸೋಮವಾರದಿಂದ ಇವತ್ತಿನವರೆಗಿನ ರೆಕಾರ್ಡ್ ತೆಗೆದುಬಿಡು. ನಾಳೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ" ಎಂದ. ನಾನು ಕೀಲಿಮಣೆಯಿಂದ ಕೈ ತೆಗೆದೆ. ಅವನು ನನ್ನ ಮಣಿಕಟ್ಟನ್ನು ಹಿಡಿದು, ಮೂಳೆ ಲಟಕ್ಕೆನ್ನುವಂತೆ ತಿರುಚಿದ. "ಆಚೆ ಇನ್ನೊಂದು ಪ್ರೆಸ್ ಖಾಲಿ ಇದೆ ಶಾಂತಿ. ಆಪರೇಟರ್ ಬೇಕಂತೆ."

ನಾನು ಹೆದರಿದೆ. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ಇಂಥ ದಿನದಿಂದ ಇಂಥ ದಿನದವರೆಗಿನ ಸಾಲು ಅಳಿಸುವುದು ಹೇಗೆ ಎಂದು ಗುಂಪಿನಲ್ಲಿ ಕೇಳಿದೆ. ಯಾಕೆ ಎಂದು ಬರೆಯಲಿಲ್ಲ. ಎರಡೇ ನಿಮಿಷಕ್ಕೆ ಗದಿಗೆಪ್ಪಣ್ಣನ ಉತ್ತರ ಬಂತು, ಪಾಪ, ಖುಷಿಯಿಂದ. ಶಿಷ್ಯೆ ಅಳಿಸುವ ಪಾಠಕ್ಕೆ ಬಂದಳಲ್ಲ ಎಂದು ಒಂದೊಂದೇ ಹೆಜ್ಜೆ ಬಿಡಿಸಿ ಹೇಳಿದ. ನಾನು ಅಭ್ಯಾಸಬಲದಿಂದ ಅವನ ಮಾತಿನಂತೆಯೇ ಮಾಡಿದೆ. ನೋಡಿದೆ, ನಕಲು ತೆಗೆದೆ, ‘ಶಾಂತಿ ನಕಲು’ ಎಂದು ಹೆಸರಿಟ್ಟೆ, ಅಳಿಸಿದೆ. ಸಾವಿರದ ಇನ್ನೂರ ಹನ್ನೆರಡು ಸಾಲು ಹೋದವು. "ಆತು ಅಣ್ಣ" ಎಂದು ಬರೆದಾಗ "ಶಭಾಷ್ ತಂಗಿ" ಎಂದ.

ಗುರುವಾರ ಇನ್‌ಸ್ಪೆಕ್ಟರ್ ಮೇಡಂ ಬಂದರು. ಬಸಲಿಂಗ ಕುಡಿದಿದ್ದ, ತಾನೇ ಸೆನ್ಸರ್ ಆರಿಸಿದ್ದ ಎಂದು ಅಮರೇಶ್ ಬರೆದುಕೊಟ್ಟ. ಕಂಪ್ಯೂಟರಿನಲ್ಲಿ ಎದುರು ಹೇಳುವ ಸಾಲೇ ಇರಲಿಲ್ಲ. ಅವರು ಹೋದಮೇಲೆ ಮರೆವ್ವ ಗೇಟಿಗೆ ಬಂದಳು. "ನನ್ನ ಗಂಡ ಒಂದು ಹನಿ ಮುಟ್ಟಂಗಿಲ್ರೀ! ಕೈ ತಗೊಂಡ್ರಿ, ಮಾನಾನೂ ತಗೋತೀರೇನ್ರೀ?" ಎಂದು ಅರಚುತ್ತ ಹಣೆಯನ್ನು ಕಬ್ಬಿಣದ ಗೇಟಿಗೆ ಚಚ್ಚಿಕೊಂಡಳು. ಹಣೆ ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಸೆಕ್ಯೂರಿಟಿಯವನು ಅವಳ ಜುಟ್ಟು ಹಿಡಿದು ರಸ್ತೆಗೆ ಎಳೆದುಹಾಕಿದ.

ನಾನು ಬಾತ್‌ರೂಮಿಗೆ ಹೋಗಿ ಗದಿಗೆಪ್ಪಣ್ಣನಿಗೆ ಮೊದಲ ಸಲ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಸಿಡಿದ. "ನನ್ನ ಕಡಿಂದನ ಮಾಡಿಸಿದ್ಯಲ್ಲಬೇ! ನನ್ನ ಕಡಿಂದ! ಆ ಫೋರ್‌ಮನ್ ಟ್ಯೂಬ್ ಬಿಚ್ಚಿದ್ದಂಗ ಬಿಚ್ಚಿದ್ಯಲ್ಲ!" ಬಾಯಿಗೆ ಬಂದಂತೆ ಬೈದ. ನಾನು ಬೈಸಿಕೊಂಡೆ. ಕೊನೆಗೆ ಅವನೇ ಸುಸ್ತಾಗಿ, "ನಕಲು ತಗದಿಟ್ಟಿಯೇನು?" ಎಂದ.

"ಮಡ್ಗಿದೀನಿ ಅಣ್ಣ. ನೀನು ಹೇಳ್ದಂಗೇ. ನನ್ ಹೆಸ್ರಲ್ಲೇ ಐತೆ."

ಅವನು ಅತ್ತ. ದೊಡ್ಡ ಗಂಡಸು ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಅದನ್ನ ವಾಪಸ್ ಹಾಕೂದು, ಬಿಡೂದು ನಿನಗ ಬಿಟ್ಟಿದ್ದು. ನಾ ನಿನ್ನ ಕೈ ಹಿಡದು ಒತ್ತಸಂಗಿಲ್ಲ. ಆದರ ನಾಳಿ ಮರೆವ್ವನ್ನ ಕರಕೊಂಡು ನಾ ಬರ್ತೀನಿ."

ಶುಕ್ರವಾರ ಬೆಳಿಗ್ಗೆ ಅವನು ಮರೆವ್ವನಿಂದ ದೂರು ಬರೆಸಿ, ಅವಳನ್ನು ಆಸ್ಪತ್ರೆಯಲ್ಲಿ ಗಂಡನ ಹತ್ತಿರ ಬಿಟ್ಟು, ಇನ್‌ಸ್ಪೆಕ್ಟರ್ ಮೇಡಂ ಜೊತೆಯಲ್ಲೇ ನಮ್ಮ ಗೇಟಿಗೆ ಬಂದ. ಬೆರಳು ಹೋದ ಮೇಲೆ ಒಂಬತ್ತು ವರ್ಷ ಯಾವ ಪ್ರೆಸ್ ಕಾರ್ಖಾನೆಯ ಗೇಟಿಗೂ ಕಾಲಿಡದವನು. ಮೇಡಂ ಒಳಗೆ ಬಂದರು, ಅವನನ್ನು ಮಾತ್ರ ಸೆಕ್ಯೂರಿಟಿಯವರು ಗೇಟಿನಲ್ಲೇ ತಡೆದರು. ಕಿಟಕಿಯಿಂದ ಕಂಡೆ: ಇಬ್ಬರು ಸೆಕ್ಯೂರಿಟಿಯವರು ಅವನ ಬೆನ್ನಿಗೆ, ಮೊಣಕಾಲಿಗೆ ದೊಣ್ಣೆಯಲ್ಲಿ ಬಾರಿಸಿದರು. ಬಿದ್ದ. ಮುಖಕ್ಕೆ ಒದ್ದರು. ಆ ಹೆಬ್ಬೆರಳಿನ ಕೈ ಗೇಟಿನ ಸರಳನ್ನು ಹಿಡಿದಿತ್ತು, ಬಿಡಲಿಲ್ಲ.

ನಾನು ಕಂಪ್ಯೂಟರಿಗೆ ಕೂತೆ. ನಕಲಿನಿಂದ ಸಾಲುಗಳನ್ನು ವಾಪಸ್ ಹಾಕುವ ಆಜ್ಞೆ ಮರೆತೇಹೋಯಿತು. ಕಲಿತದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ಹೇಳಿಕೊಡುವವನು ಹೊರಗೆ ರಕ್ತ ಉಗುಳುತ್ತಿದ್ದ. ಫೋನ್ ತೆಗೆದು ಗುಂಪಿನಲ್ಲಿ ಬರೆದೆ, "ನಕಲಿನಿಂದ ವಾಪಸ್ ಹಾಕೋದು ಹೇಗೆ? ಬೇಗ. ಯಾರಾದರೂ." ಅರ್ಧ ನಿಮಿಷವೂ ಆಗಿರಲಿಲ್ಲ. ರುಕ್ಮವ್ವ, ಹೊಲಿಗೆ ಹಾಕ್ಕೊಂಡಿರಿ ಎನ್ನಿಸಿಕೊಂಡ ರುಕ್ಮವ್ವ, ಇಡೀ ಸಾಲನ್ನು ತಪ್ಪಿಲ್ಲದೆ ಬರೆದು ಕಳಿಸಿದ್ದಳು. ಕೆಳಗೆ ಒಂದು ಮಾತು: "ಹೆದರಬ್ಯಾಡ, ಮೊದಲು ನೋಡು."

ನೋಡಿದೆ. ಒತ್ತಿದೆ. ಸಾವಿರದ ಇನ್ನೂರ ಹನ್ನೆರಡು ಸಾಲೂ ತಮ್ಮ ಜಾಗಕ್ಕೆ ಬಂದು ಕೂತವು. "ಮೇಡಂ, ಇವ್ರು ಹೇಳಿದ್ದಕ್ಕೆ ನಾನೇ ಅಳಿಸಿದ್ದೆ. ಇಲ್ಲಿ ನೋಡಿ" ಎಂದು ಕೂಗಿ ಪ್ರಿಂಟ್ ಕೊಟ್ಟೆ.

"ಇವಳೇ ಕೂತು ಬರೆದಿದ್ದಾಳೆ ಮೇಡಂ, ಸುಳ್ಳು!" ಎಂದು ಅಮರೇಶ್ ಅರಚಿದ. ಮೇಡಂ ಗುರುವಾರ ಬರೆದುಕೊಂಡಿದ್ದ ಚೀಟಿ ತೆಗೆದರು. ಅಂದು ರೆಕಾರ್ಡಿನ ಕ್ರಮಸಂಖ್ಯೆ ನಲವತ್ತೆಂಟು ಸಾವಿರದ ಮುನ್ನೂರ ಹತ್ತಕ್ಕೆ ನಿಂತಿತ್ತು, ಪ್ರೆಸ್ಸಿನ ಮೈಮೇಲಿನ ಮೀಟರು ಮಾತ್ರ ನಲವತ್ತೊಂಬತ್ತು ಸಾವಿರದ ಐನೂರ ಇಪ್ಪತ್ತೆರಡು ತೋರಿಸುತ್ತಿತ್ತು. ನಡುವಿನ ಸಾವಿರದ ಇನ್ನೂರ ಹನ್ನೆರಡು ಎಲ್ಲಿ ಹೋದವೆಂದು ಅವರಿಗೂ ಅನುಮಾನವಿತ್ತು. ಈಗ ಪ್ರಿಂಟರಿನಿಂದ ಬರುತ್ತಿದ್ದ ಹಾಳೆ ಸರಿಯಾಗಿ ಆ ಸಂಖ್ಯೆಗಳನ್ನೇ ಉಗುಳುತ್ತಿತ್ತು, ಪ್ರತಿ ಸಾಲಿನಲ್ಲೂ ಅಮರೇಶನ ಹೆಸರಿತ್ತು.

ಅವನು ಕಂಪ್ಯೂಟರಿಗೂ ಪ್ರಿಂಟರಿಗೂ ಕರೆಂಟು ಕೊಡುವ, ನೆಲದ ಮೇಲಿದ್ದ ಸ್ವಿಚ್ಚಿಗೆ ಹಾರಿದ. ನಾನು ಬಗ್ಗಿ ಅದರ ಮೇಲೆ ಕೈ ಮುಚ್ಚಿದೆ. ಅವನು ತುಳಿದ. ಕಾರ್ಖಾನೆಯವರಿಗೆ ಕೊಡುವ, ಮೂತಿಗೆ ಉಕ್ಕಿನ ಕವಚವಿರುವ ಸೇಫ್ಟಿ ಶೂ ಅದು. ನನ್ನ ಎರಡು ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಇನ್ನೊಮ್ಮೆ ತುಳಿದ. ಮೇಡಂ ಮತ್ತು ಅವರ ಡ್ರೈವರ್ ಅವನ ಕೊರಳಪಟ್ಟಿ ಹಿಡಿದು ಎಳೆಯುವ ತನಕ ನಾನು ಕೈ ತೆಗೆಯಲಿಲ್ಲ. ಕೊನೇ ಹಾಳೆ ಬರುವ ತನಕವೂ ತೆಗೆಯಲಿಲ್ಲ.

ಪೊಲೀಸರು ಬಂದರು. ಅಮರೇಶನ ಮೇಲೂ ಸೆಕ್ಯೂರಿಟಿಯವರ ಮೇಲೂ ಕೇಸಾಯಿತು. ಬಸಲಿಂಗನ ಕೈ ಕೂಡಿಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನ ಆಸ್ಪತ್ರೆಯ ವಾರ್ಡಿನಲ್ಲಿ ನಾವೆಲ್ಲ ಸೇರಿದೆವು. ಮಂಚದ ಮೇಲೆ ಬಸಲಿಂಗ, ಹಣೆಗೆ ಪಟ್ಟಿ ಕಟ್ಟಿಕೊಂಡ ಮರೆವ್ವ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ನಾನು, ಮುಂದಿನ ಎರಡು ಹಲ್ಲು ಕಳೆದುಕೊಂಡ ಗದಿಗೆಪ್ಪಣ್ಣ. ಮೇಡಂ ಹೇಳಿಕೆ ಬರೆದುಕೊಂಡು ತಂದಿದ್ದರು. ಬಸಲಿಂಗ ಎಡಗೈ ಹೆಬ್ಬೆರಳನ್ನು ಮಸಿಯ ಡಬ್ಬಿಗೆ ಒತ್ತಿ ಕಾಗದದ ಕಡೆ ಚಾಚಿದ. ಗದಿಗೆಪ್ಪಣ್ಣ ಆ ಕೈಯನ್ನು ಗಾಳಿಯಲ್ಲೇ ಹಿಡಿದುಬಿಟ್ಟ.

"ಮದ್ಲ ಓದಿ ಹೇಳ್ರೀ ಮೇಡಂ."

ಮೇಡಂ ಓದಿದರು. ಮ್ಯಾನೇಜರ್ ಸುರಕ್ಷತೆಯ ಸೆನ್ಸರನ್ನು ಆರಿಸಿದ್ದರಿಂದ ಅಪಘಾತ ಸಂಭವಿಸಿದೆ. ಕೊನೆಯ ಸಾಲು: ಕೆಲಸಗಾರನ ತಪ್ಪು ಏನೂ ಇಲ್ಲ. ಬಸಲಿಂಗ ಇನ್ನೊಮ್ಮೆ ಓದಲು ಕೇಳಿದ. ಓದಿದರು. ಅವನು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ.

ಮೇಡಂ ಫೈಲ್ ಮುಚ್ಚುವಾಗ "ಆ ಕೊನೀ ಸಾಲು ಇನ್ನೊಂದು ಸಲ ಓದ್ರೀ" ಎಂದು ಕೇಳಿದವನು ಗದಿಗೆಪ್ಪಣ್ಣ.