ಮುಚ್ಚಳದ ಮೇಲಿನ ವಿಭೂತಿ

ನನ್ನ ಮೈದುನ ಹಾವಗೆಪ್ಪನ ಬಾಯಿಂದ ‘ನನಗ ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. ಭಾಲ್ಕಿಯ ಆ ಮನೆಗೆ ನಾನು ಹಿರಿಸೊಸೆಯಾಗಿ ಬಂದಾಗ ಅವನು ಮೂಗು ಒರೆಸಿಕೊಳ್ಳಲೂ ಬಾರದ ಹುಡುಗ. ಮೂಗು ಒಣಗಿತು, ತೆರೆದ ಬಾಯಿ ಮಾತ್ರ ಮುಚ್ಚಲಿಲ್ಲ. ಬಿತ್ತನೆಯಾಗಲಿ, ಕೋರ್ಟು ಕಚೇರಿಯಾಗಲಿ, ದನದ ರೋಗವಾಗಲಿ, ಎಲ್ಲದರಲ್ಲೂ ಅವನದೊಂದು ಮಾತು. ಹೆಂಡತಿ ಈರಮ್ಮ ಹೆರುವಾಗ ಬಾಗಿಲ ಹೊರಗೆ ನಿಂತು ಸೂಲಗಿತ್ತಿಗೇ ಪಾಠ ಹೇಳಿದ ಮಹಾನುಭಾವ ಅವನು.

ನಿಜಾಮನ ರಜಾಕಾರರ ಹಾವಳಿಯಲ್ಲಿ ಈ ಶೂರ ಏನು ಮಾಡಿದ ಕೇಳಿ. ಠಾಣೆಯ ಮುಂದೆ ಹಾಯುವಾಗ ನಡು ಬಗ್ಗಿಸಿ ಸಲಾಂ ಹೊಡೆಯುತ್ತಿದ್ದ. ಒಳಗೆ ಯಾರೂ ಇಲ್ಲದಿದ್ದರೂ ಹೊಡೆಯುತ್ತಿದ್ದ. ಹಾವಳಿ ಜೋರಾದಾಗ ಹೆಂಡತಿ ಮಕ್ಕಳನ್ನು ನಮ್ಮ ಉಡಿಗೆ ಹಾಕಿ ಸೊಲ್ಲಾಪುರಕ್ಕೆ ಪರಾರಿಯಾದ. ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮ ಶರಣಾಗಿ, ಎಲ್ಲ ತಣ್ಣಗಾದ ಮೇಲೆ ತಲೆಗೆ ಖಾದಿ ಟೋಪಿ ಏರಿಸಿಕೊಂಡು ರೈಲಿನಿಂದ ಇಳಿದ. ಇಳಿದ ವಾರದಲ್ಲೇ ಲೀಡರ್! ನಮ್ಮ ಜನವೂ ಎಂಥವರು, ಟೋಪಿ ಕಂಡರೆ ಸಾಕು, ಕೆಳಗೆ ತಲೆ ಇದೆಯೋ ಇಲ್ಲವೋ ನೋಡುವುದಿಲ್ಲ.

ಮರುವರ್ಷ ಬೀದರಿನಲ್ಲಿ ಫೌಜಿನವರ ಹಳೆಯ ಸಾಮಾನು ಹರಾಜಾದಾಗ ಅವನೊಂದು ಫಟಫಟಿ ತಂದ. ಮೋಟಾರ್ ಸೈಕಲ್ಲಿಗೆ ನಾವೆಲ್ಲ ಹಾಗೇ ಅನ್ನುತ್ತಿದ್ದೆವು. ಪಕ್ಕಕ್ಕೆ ಒಬ್ಬರು ಕೂರುವಂಥ ತೊಟ್ಟಿಲು ಜೋಡಿಸಿದ ಗಾಡಿ. ಅದರ ಜೊತೆಗೆ ಪ್ಲಗ್, ಕಾರ್ಬುರೇಟರ್, ಕಚರಾ ಎಂಬ ಮೂರು ಮಾತುಗಳನ್ನೂ ತಂದ. ಗಾಡಿಯ ವಿದ್ಯೆ ಅಲ್ಲಿಗೆ ಮುಗಿಯಿತು.

ನಮ್ಮೂರಲ್ಲಿ ಪೆಟ್ರೋಲ್ ಸಿಗುತ್ತಿದ್ದದ್ದು ಅಬ್ದುಲ ಅಜೀಜನ ಎಣ್ಣೆ ಅಂಗಡಿಯಲ್ಲಿ. ಡ್ರಮ್ಮಿನಿಂದ ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದ. ಕಾರ್ಯಾಚರಣೆಯ ಬೆನ್ನಿಗೇ ಊರೂರಲ್ಲಿ ಸೇಡಿನ ಹುಚ್ಚು ಎದ್ದಾಗ ಅವನ ಹೆಂಡತಿ ಖೈರುನ್ನಿಸಾ ನಮ್ಮ ತೊಗರಿ ಕೋಣೆಯಲ್ಲಿ ಚೀಲಗಳ ಹಿಂದೆ ಅಡಗಿ ಕೂತಿದ್ದಳು. ರೊಟ್ಟಿ ಒಯ್ದು ಕೊಡುತ್ತಿದ್ದವಳು ನಾನು. ಅಜೀಜ ಯಾವ ರಜಾಕಾರನೂ ಅಲ್ಲ, ಎಣ್ಣೆ ಅಳೆಯುವ ಮನುಷ್ಯ. ಆದರೆ ಆ ಹೊತ್ತಿನಲ್ಲಿ ಅದನ್ನು ಕೇಳುವವರು ಯಾರು? ಹೇಗೋ ಉಳಿದುಕೊಂಡು ಅಂಗಡಿಯನ್ನು ಮತ್ತೆ ತೆರೆದಿದ್ದ. ಯಾರಾದರೂ ಒಬ್ಬರು ಅವನತ್ತ ಬೆರಳು ಮಾಡಿದರೆ ಸಾಕಿತ್ತು, ಭಾಲ್ಕಿಯಲ್ಲಿ ಅವನ ಅನ್ನದ ಋಣ ಮುಗಿದ ಹಾಗೆಯೇ. ಇದು ಹಾವಗೆಪ್ಪನಿಗೂ ಚೆನ್ನಾಗಿ ಗೊತ್ತಿತ್ತು.

ಖಂಡೇನವಮಿ ಬಂತು. ರೈತರು ಕೂರಿಗೆ ಕುಡುಗೋಲಿಗೆ, ನಮ್ಮ ಮನೆಯವರು ತಕ್ಕಡಿಗೆ ಪೂಜೆ ಮಾಡಿದರು. ಹಾವಗೆಪ್ಪ ಹಿಂದಿನ ದಿನವೇ ಅಜೀಜನಲ್ಲಿ ಪೆಟ್ರೋಲ್ ತುಂಬಿಸಿ ತಂದು ಫಟಫಟಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದ. ಕೊರಳಲ್ಲಿರುವ ಲಿಂಗದ ಪೂಜೆಗೆ ಪುರಸೊತ್ತಿಲ್ಲದ ಈ ಶರಣ ಗಾಡಿಯ ಮುಂದೆ ಕೂತು ಮಧ್ಯಾಹ್ನದ ತನಕ ಏಳಲಿಲ್ಲ. ಪೆಟ್ರೋಲ್ ಟಾಕಿಗೆ ಮೂರು ಬೆರಳಿನ ವಿಭೂತಿ, ದೀಪಕ್ಕೆ ಕುಂಕುಮ. ಟಾಕಿಯ ಮುಚ್ಚಳಕ್ಕಂತೂ ವಿಭೂತಿ, ಗಂಧ, ಅರಿಶಿನ ಕಲಸಿ ಗೋಡೆಗೆ ಗಿಲಾವು ಮಾಡಿದ ಹಾಗೆ ಮೆತ್ತಿದ.

“ಇಷ್ಟ ಸಾಕು ಬಿಡ್ರಿ” ಎಂದಳು ಈರಮ್ಮ.

“ನಿನಗೇನ ತಿಳೀತದ? ಗಾಡಿಯ ಜೀವ ಇರೂದು ಇಲ್ಲೇ” ಎಂದು ಇನ್ನೊಂದು ಮುದ್ದೆ ಬಳಿದ.

ಮರುದಿನ ದಸರೆ. ನಾನು ಎಕಂಬಾದ ತವರಿಗೆ ಹೊರಟಿದ್ದೆ. ಔರಾದ ದಾಟಿ ಹೋಗಬೇಕು.

“ವೈನಿ, ಬಸ್ಸಿನಾಗ ಯಾಕ ಒದ್ದಾಡ್ತೀರಿ? ನಾ ಮುಟ್ಟಸ್ತೇನಿ. ಗಾಳಿ ಹಂಗ ಹೋಗೂಣು” ಎಂದ ಹಾವಗೆಪ್ಪ. ನನ್ನ ಗಂಡ ಹೂಂ ಎಂದುಬಿಟ್ಟರು. ತೊಟ್ಟಿಲಲ್ಲಿ ಕೂತೆ.

ಊರು ಬಿಟ್ಟು ಜೋಳದ ಹೊಲಗಳ ನಡುವೆ ಬಂದಿದ್ದೆವು, ಅವನ ‘ಗಾಳಿ’ ಕೆಮ್ಮಿತು, ತೇಕಿತು, ನಿಂತಿತು. ಹಾವಗೆಪ್ಪ ಇಳಿದು ಟಾಕಿಯ ಮುಚ್ಚಳ ತಿರುವಿದ. ಸುಸ್ ಎಂದು ಸದ್ದಾಯಿತು. ಒಳಗೆ ಇಣುಕಿದ, ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಪ್ಲಗ್ ಬಿಚ್ಚಿ, ಧೋತರದ ಚುಂಗಿಗೆ ಒರೆಸಿ, ಮತ್ತೆ ಕೂರಿಸಿ ಒದ್ದ. ಗಾಡಿ ಶುರುವಾಯಿತು.

“ಪ್ಲಗ್ ವೈನಿ, ಪ್ಲಗ್!” ಎಂದ, ಪ್ಲಗ್ಗನ್ನು ತಾನೇ ಹೆತ್ತವನ ಹಾಗೆ.

ಸ್ವಲ್ಪ ದೂರ ಹೋಗಿ ಗಾಡಿ ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆರೆದು ಇಣುಕಿದ, ಮತ್ತೆ ಸುಸ್. ಈ ಸಲ ಕಾರ್ಬುರೇಟರ್ ಬಿಚ್ಚಿ ಊದಿದ. ಗಾಡಿ ಶುರುವಾಯಿತು. “ಕಚರಾ ಇತ್ತು ವೈನಿ, ತಗದ್ನಿ” ಎಂದ. ಕಚರಾ ಎಲ್ಲಿ, ತೋರಿಸು ಎಂದೆ. ಗಾಳಿಗೆ ಹೋಯಿತಂತೆ. ಹೀಗೇ ಓಡಿಸಿ, ನಿಲ್ಲಿಸಿ, ಬಿಚ್ಚಿ, ಊದಿ ಔರಾದ ಮುಟ್ಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಅಲ್ಲಿ ಚಹಾದ ಅಂಗಡಿಯ ಮುಂದೆ, ಹತ್ತು ಜನರ ಕಣ್ಣೆದುರಿಗೆ ಗಾಡಿ ಮತ್ತೆ ಗಪ್ಪಾಯಿತು.

ಜನ ನಗತೊಡಗಿದರು. ಲೀಡರ್ ಸಾಹೇಬರ ಮುಖ ಕೆಂಪಾಯಿತು. ಪ್ಲಗ್ ಒರೆಸಿಯಾಗಿತ್ತು, ಕಾರ್ಬುರೇಟರ್ ಊದಿಯಾಗಿತ್ತು, ಅವನ ವಿದ್ಯೆಯ ಗಂಟು ಬರಿದಾಗಿತ್ತು. ಇನ್ನು ಉಳಿದದ್ದು ಮಂದಿಯ ಮೇಲೆ ಹಾಕುವುದು.

“ಗಾಡಿದೇನೂ ತಪ್ಪಿಲ್ರಿ. ಪೆಟ್ರೋಲಿನಾಗ ನೀರದ. ಭಾಲ್ಕಿಯ ಅಜೀಜ ಬೆರಸ್ಯಾನ. ಈ ಮಂದಿ ಇನ್ನೂ ಸುಧಾರಿಸಿಲ್ಲ, ನಮ್ಮಂಥಾ ಕಾರ್ಯಕರ್ತರಿಗೆ ಬೇಕಂತ ಮೋಸ ಮಾಡ್ತಾರ” ಎಂದುಬಿಟ್ಟ.

ನಗುತ್ತಿದ್ದವರ ನಗು ನಿಂತಿತು. “ಇಂಥವರನ್ನ ಬಿಡಬಾರದ್ರಿ!” ಎಂದ ಒಬ್ಬ. ಭಾಲ್ಕಿಗೆ ಹೊರಟಿದ್ದ ಲಾರಿಯೊಂದು ಅಲ್ಲೇ ನಿಂತಿತ್ತು. ಇವನ ಹಾಗೆಯೇ ಟೋಪಿ ಹಾಕಿದ್ದ ಇಬ್ಬರು ಅದನ್ನು ಹತ್ತಿದರು. ಠಾಣೆಗೆ ತಿಳಿಸುತ್ತೇವೆ, ಅಂಗಡಿ ನೋಡಿಕೊಳ್ಳುತ್ತೇವೆ ಎಂದು ಕೂಗುತ್ತ ಹೋಗಿಯೇಬಿಟ್ಟರು. ಹಾವಗೆಪ್ಪ ಇನ್ನೂ ಭಾಷಣ ಮಾಡುತ್ತಲೇ ಇದ್ದ.

“ನೀರ ಬೆರಸೂದು ನೀ ಕಣ್ಣಲೆ ನೋಡೀಯೇನೋ?” ಎಂದೆ.

“ನೋಡೂದೇನದ ವೈನಿ? ನನಗ ವಾಸನಿ ಮ್ಯಾಲೇ ಗೊತ್ತಾಗ್ತದ.”

“ನೀರಿಗಿ ವಾಸನಿ ಇರ್ತದೇನೋ, ಮಂಗ್ಯಾ! ಹೊಳ್ಳಸು ಗಾಡಿ. ಭಾಲ್ಕಿಗಿ ನಡಿ.”

“ತವರಮನಿ?”

“ನನ್ನ ತವರಮನಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಅಲ್ಲಿ ಖೈರುನ್ನಿಸಾನ ಮನಿ ಮುಳಗ್ತದ!”

ಅವನು ಜಗ್ಗಲಿಲ್ಲ. ಜನರ ಮುಂದೆ ವೈನಿಯ ಮಾತು ಕೇಳಿದರೆ ಮರ್ಯಾದೆಗೆ ಕಡಿಮೆಯಲ್ಲವೇ? ಟಾಕಿಯ ಮುಚ್ಚಳ ಅವನ ಕೈಯಲ್ಲೇ ಇತ್ತು. ಕಸಿದುಕೊಂಡು ಸೆರಗಿಗೆ ಗಂಟು ಹಾಕಿದೆ. “ಭಾಲ್ಕಿ ಮುಟ್ಟೂತನಕ ಕೊಡಂಗಿಲ್ಲ. ಏನ್ ಮಾಡ್ಕೋತೀ ಮಾಡ್ಕೊ” ಎಂದೆ. ಸುತ್ತಲಿನವರು ಮತ್ತೆ ನಕ್ಕರು. ಬೇರೆ ದಾರಿ ಕಾಣದೆ ಹಾವಗೆಪ್ಪ ಖಾದಿ ಟೋಪಿ ತೆಗೆದು, ಮಡಿಚಿ, ಟಾಕಿಯ ಬಾಯಿಗೆ ತುರುಕಿ ಒದ್ದ. ಗಾಡಿ ಶುರುವಾಯಿತು.

ಮತ್ತೆ ನಿಲ್ಲಲೇ ಇಲ್ಲ! ಕೆಮ್ಮಲಿಲ್ಲ, ತೇಕಲಿಲ್ಲ, ಏರಿನಲ್ಲೂ ದಮ್ಮು ಬಿಡಲಿಲ್ಲ. ಅದೇ ಗಾಡಿ, ಅದೇ ಅಜೀಜನ ಪೆಟ್ರೋಲು. ತೊಟ್ಟಿಲಲ್ಲಿ ಕೂತು ಸೆರಗು ಬಿಚ್ಚಿ ಮುಚ್ಚಳ ನೋಡಿದೆ. ಒಳಬದಿಯಲ್ಲಿ ಸೂಜಿ ಹೋಗುವಷ್ಟು ಸಣ್ಣದೊಂದು ತೂತು. ಬೆಳಕಿಗೆ ಹಿಡಿದೆ, ಬೆಳಕು ಬರಲಿಲ್ಲ. ಮೇಲೆ ಇವನ ವಿಭೂತಿ, ಗಂಧ, ಅರಿಶಿನ ಒಣಗಿ ಕಲ್ಲಾಗಿತ್ತು. ಅಡುಗೆಮನೆಯಲ್ಲಿ ಎಣ್ಣೆ ಡಬ್ಬಿ ಒಡೆದ ಯಾವ ಹೆಂಗಸಿಗೂ ಇದು ಗೊತ್ತು. ಒಂದೇ ತೂತು ಹೊಡೆದರೆ ಎಣ್ಣೆ ಇಳಿಯುವುದಿಲ್ಲ, ಗಾಳಿ ಹೋಗಲು ಇನ್ನೊಂದು ಬೇಕು. ಇವನು ಇಣುಕಲು ಮುಚ್ಚಳ ತೆರೆದಾಗಲೆಲ್ಲ ಟಾಕಿ ಸುಸ್ ಎಂದು ಗಾಳಿ ಎಳೆದುಕೊಳ್ಳುತ್ತಿತ್ತು, ಗಾಡಿ ನಡೆಯುತ್ತಿತ್ತು. ಹೆಸರು ಮಾತ್ರ ಪ್ಲಗ್ಗಿನದು! ಈಗ ಟೋಪಿಯ ಬಟ್ಟೆಯಲ್ಲೇ ಗಾಳಿ ಹಾಯುತ್ತಿತ್ತು. ಮೆತ್ತಿದ್ದನ್ನು ಕೆರೆಯದೆ ಹಾಗೇ ಇಟ್ಟುಕೊಂಡೆ.

ಭಾಲ್ಕಿ ಮುಟ್ಟಿದಾಗ ಅಜೀಜನ ಅಂಗಡಿಯ ಮುಂದೆ ಸಂತೆಯೇ ನೆರೆದಿತ್ತು. ಡ್ರಮ್ಮನ್ನು ಉರುಳಿಸಿ ಪೆಟ್ರೋಲನ್ನು ಗಟಾರಕ್ಕೆ ಹರಿಸಿದ್ದರು. ಅಜೀಜ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಿದ್ದ. ಒಳಗೆ ಪರದೆಯ ಹಿಂದೆ ಖೈರುನ್ನಿಸಾ ಅಳುವುದು ಕೇಳುತ್ತಿತ್ತು. ಠಾಣೆಯ ಜಮಾದಾರ ಹಾವಗೆಪ್ಪನನ್ನೇ ಕಾಯುತ್ತಿದ್ದ.

ನಾನು ಮುಚ್ಚಳ ಎತ್ತಿ ತೋರಿಸಿದೆ. ದಾರಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಹಿಂದಿನ ದಿನ ಮುಚ್ಚಳಕ್ಕೆ ಮೆತ್ತಿದ್ದನ್ನು ಹೇಳಿದೆ, ಟೋಪಿ ತುರುಕಿದ ಮೇಲೆ ಗಾಡಿ ಒಮ್ಮೆಯೂ ನಿಲ್ಲದ್ದನ್ನೂ ಹೇಳಿದೆ.

ಜಮಾದಾರ ಹಾವಗೆಪ್ಪನ ಕಡೆ ತಿರುಗಿದ. “ಖರೇ ಏನ್ರಿ, ಲೀಡರ್ ಸಾಹೇಬ? ಬರೂವಾಗ ಗಾಡಿ ನಿಂತಿಲ್ಲೇನು?”

ಹೌದು ಎಂಬ ಒಂದು ಮಾತು ಸಾಕಿತ್ತು. ಹಾವಗೆಪ್ಪ ಅಜೀಜನನ್ನು ನೋಡಿದ, ಜನರನ್ನು ನೋಡಿದ, ಬೋಳು ತಲೆ ಕೆರೆದುಕೊಂಡ.

“ನಿಂತಿಲ್ಲ ಖರೆ. ಬರೂವಾಗ ಇಳಿಜಾರದರಿ.”

“ಔರಾದದಿಂದ ಭಾಲ್ಕಿತನಕ ಪೂರಾ ಇಳಿಜಾರ?” ಎಂದ ಜಮಾದಾರ.

“ಜಗಳ ಯಾಕ?” ಎಂದೆ. “ಈ ಮುಚ್ಚಳ ಹೀಂಗೇ ಹಾಕಿ ಸ್ಟೇಷನ್ ದಾಟಿ ಒಂದು ಫೇರಿ ಹೊಡದು ಬಾ. ನಿಂತರ ಮತ್ತ ಟೋಪಿ ತುರುಕಿ ಬಾ. ನೀರಿದ್ದರ ಎರಡೂ ಸಲ ನಿಂದರಬೇಕು. ತೊಗೊ!”

ಅವನು ಮುಚ್ಚಳ ಮುಟ್ಟಲಿಲ್ಲ. “ದಸರಾ ದಿನ ಹೊಳ್ಳಿ ಹೊಳ್ಳಿ ಗಾಡಿ ಹಚ್ಚಬಾರದು” ಎಂದು ಗೊಣಗಿದ. ಓಡಿಸಿದರೂ ಕೆಟ್ಟ, ನಿಲ್ಲಿಸಿದರೂ ಕೆಟ್ಟ. ಕೊನೆಗೆ ಆ ಮಣಭಾರದ ಫಟಫಟಿಯನ್ನು ಕೈಯಿಂದಲೇ ದಬ್ಬಿಕೊಂಡು, ಬೆವರು ಸುರಿಸುತ್ತ ಮನೆ ಕಡೆ ಹೋದ. ಜಮಾದಾರ ಥೂ ಎಂದು ಎಲೆ ಅಡಿಕೆ ಉಗಿದು ಠಾಣೆಗೆ ಹೋದ. ಜನ ಒಬ್ಬೊಬ್ಬರಾಗಿ ಚದುರಿದರು. ಡ್ರಮ್ಮು ಉರುಳಿಸಿದವರೇ ಎಲ್ಲರಿಗಿಂತ ಮೊದಲು ಹೋದರು.

“ಗುಂಡಮ್ಮ ಅಕ್ಕಾ, ನಿಮ್ಮ ಉಪಕಾರ ಮರೆಯಂಗಿಲ್ಲ” ಎಂದ ಅಜೀಜ. ಉರುಳಿದ್ದ ಬರಿ ಡ್ರಮ್ಮನ್ನು ಎತ್ತಿ ನಿಲ್ಲಿಸತೊಡಗಿದ.

ಸಂಜೆ ಬನ್ನಿ ಮುಡಿಯುವ ಹೊತ್ತು. ನಮ್ಮಲ್ಲಿ ಅಂದು ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನುವುದು ರೂಢಿ. ಅಜೀಜ ಪ್ರತಿ ವರ್ಷ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಂದ ಬನ್ನಿ ತೆಗೆದುಕೊಂಡು ಮಕ್ಕಳ ಕೈಗೆ ಸಕ್ಕರೆ ಹಾಕುತ್ತಿದ್ದ. ಆ ಸಂಜೆಯೂ ಒಗೆದ ಅಂಗಿ ಹಾಕಿ, ಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದ. ಹಾವಗೆಪ್ಪ ಪೆಟ್ರೋಲ್ ವಾಸನೆಯ ಟೋಪಿ ಹಾಕಿಕೊಂಡು ಹತ್ತಾರು ಜನರನ್ನು ಕಟ್ಟಿಕೊಂಡು ಬಂದ. ಅಜೀಜನನ್ನು ಕಂಡದ್ದೇ ರಸ್ತೆಯ ಆಚೆ ಬದಿಗೆ ಸರಿದ. ಹಿಂದಿನವರೂ ಸರಿದರು. ಥೂ, ಕುರಿಗಳು! ನಾನು, ನನ್ನ ಗಂಡ ಹೋಗಿ ಬನ್ನಿ ಕೊಟ್ಟೆವು. ತಟ್ಟೆಯಲ್ಲಿ ಸಕ್ಕರೆ ಹಾಗೇ ಉಳಿದಿತ್ತು.

ದೀಪಾವಳಿಗೆ ಮೊದಲೇ ಅಜೀಜ ಅಂಗಡಿ ಮುಚ್ಚಿ ಹೈದರಾಬಾದಿಗೆ ಹೋದ. ಹೊರಡುವ ಮುಂಚೆ ಖೈರುನ್ನಿಸಾ ನಮ್ಮ ತೊಗರಿ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. “ಅವಾಗ ಇಲ್ಲಿ ಕುಂತಾಗ, ಇದು ಮುಗೀತದ ಅನ್ನಿಸಿತ್ತು, ಆಪಾ” ಎಂದಳು. ಅವಳನ್ನು ತಬ್ಬಿಕೊಂಡು ಅತ್ತೆ.

ಆಮೇಲೆ ಪೆಟ್ರೋಲ್ ಬೇಕೆಂದರೆ ಬೀದರಿಗೇ ಹೋಗಬೇಕಾಯಿತು. ಫಟಫಟಿ ಅಂಗಳದಲ್ಲೇ ತುಕ್ಕು ಹಿಡಿಯಿತು, ತೊಟ್ಟಿಲಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡುತ್ತದೆ. ಖಂಡೇನವಮಿಗೆ ಹಾವಗೆಪ್ಪ ಈಗಲೂ ಅದಕ್ಕೆ ತಪ್ಪದೆ ವಿಭೂತಿ ಬಳಿಯುತ್ತಾನೆ. ಮನೆಗೆ ಬಂದ ನೆಂಟರು ಗಾಡಿ ಯಾಕೆ ನಿಂತಿದೆ ಎಂದರೆ ಟೋಪಿ ಸರಿಮಾಡಿಕೊಂಡು ಹೇಳುತ್ತಾನೆ: “ಅಜೀಜ ನೀರ ಬೆರಸಿದ್ದರಿ.” ಕೇಳಿದವರು ಹೌದ್ಹೌದು ಎಂದು ಗೋಣು ಹಾಕುತ್ತಾರೆ. ಮೆತ್ತಿದ ವಿಭೂತಿಯ ಸಮೇತ ಆ ಮುಚ್ಚಳ ನನ್ನ ಟ್ರಂಕಿನಲ್ಲಿದೆ. ಅದನ್ನು ತೋರಿಸಿ ಎಂದು ಇವತ್ತಿನ ತನಕ ಒಬ್ಬರೂ ಕೇಳಿಲ್ಲ.